ಬಂಡೇಹಟ್ಟಿ ಚೀಟಿಯ ಬಾಟ್ಲಿ

ಮಧುಗಿರಿ ಬಿಟ್ಟ ಬಸ್ಸಿನಲ್ಲಿ ಅಂಗನವಾಡಿ ಟೀಚರ್ ಇಂದ್ರಮ್ಮ ತೂಕಡಿಸುತ್ತಿದ್ದಳು. ಮುಂದಿನ ಸೀಟಿನಲ್ಲಿ ನೀರು ಪರೀಕ್ಷೆ ಲ್ಯಾಬಿನ ಮೇಡಂ ಒಬ್ಬರು, ಪಕ್ಕದಲ್ಲಿ ಅವರ ಕೈಕೆಳಗಿನ ಓಂಕಾರಪ್ಪ. ತನ್ನೂರಿನ ಹೆಸರು ಕಿವಿಗೆ ಬಿದ್ದದ್ದೇ ಇಂದ್ರಮ್ಮನ ನಿದ್ದೆ ಹಾರಿಹೋಯಿತು.

"ಬಂಡೇಹಟ್ಟಿ ಬಾಟ್ಲಿಯಲ್ಲಿ ಫ್ಲೋರೈಡ್ ಎಷ್ಟು ಬಂತು, ಓಂಕಾರಪ್ಪ?"

"ಸೊನ್ನೆ ಪಾಯಿಂಟ್ ಒಂಬತ್ತು, ಮೇಡಂ. ಕುಡಿಯಾಕೆ ಯೋಗ್ಯ."

"ನೈಟ್ರೇಟು?"

"ಇಪ್ಪತ್ತೆರಡು. ಎಲ್ಲಾ ಲಿಮಿಟ್ ಒಳಗೇ ಐತೆ."

"ಮಿಷಿನ್ನಿಗೆ ಹಾಕಿ ನೋಡಿದ್ರಾ?"

"ನೋಡ್ದೆ ಬರೀತೀನಾ, ಮೇಡಂ?"

"ಅದು ಬಂಡೇಹಟ್ಟಿ ನೀರೇ ಅಲ್ಲ ಕಣ್ರೀ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ವಾಟರ್. ನಿಮ್ಮನ್ನ ಪರೀಕ್ಷೆ ಮಾಡೋಣ ಅಂತ ನಾನೇ ತುಂಬಿಸಿ, ಆ ಊರಿನ ಚೀಟಿ ಅಂಟಿಸಿದ್ದೆ. ಅದರಲ್ಲಿ ಫ್ಲೋರೈಡೂ ಇಲ್ಲ, ನೈಟ್ರೇಟೂ ಇಲ್ಲ."

ಓಂಕಾರಪ್ಪ ಕಿಟಕಿಯಾಚೆ ನೋಡಿದ.

"ಆ ಊರಿಂದು ಯಾವಾಗ್ಲೂ ಅಷ್ಟೇ ಬರ್ತಿತ್ತು, ಮೇಡಂ. ಅದ್ಕೇ..."

"ಬರ್ತಿರಲಿಲ್ಲ. ಯಾವಾಗ್ಲೂ ಅಷ್ಟೇ ಬರೀತಿದ್ರಿ. ಮೂರು ವರ್ಷದ ರಿಪೋರ್ಟು ತೆಗೆಸಿ ನೋಡಿದೀನಿ, ಒಂದು ಅಂಕಿ ಅಲ್ಲಾಡಿಲ್ಲ. ನಿಮಗೆ ಅಷ್ಟು ದೊಡ್ಡ ಮಿಷಿನ್ ಯಾಕ್ರೀ? ಒಂದು ರಬ್ಬರ್ ಸ್ಟ್ಯಾಂಪ್ ಸಾಕಾಗಿತ್ತು."

"ತಪ್ಪಾಯ್ತು ಬುಡಿ. ಹಳ್ಳಿ ಕಡೆ ಆ ರಿಪೋರ್ಟ್ ಯಾರು ಓದ್ತಾರೆ, ಮೇಡಂ?"

ಮೇಡಂ ಕೊರಟಗೆರೆಯಲ್ಲಿ ಅವನ ಮುಖವನ್ನೂ ನೋಡದೆ ಇಳಿದರು. ಅವನು ಹಿಂದೆಯೇ ಇಳಿದ.

ಆ ರಿಪೋರ್ಟನ್ನು ಇಂದ್ರಮ್ಮ ಓದಿದ್ದಳು. ಅಂಗನವಾಡಿ ಗೋಡೆಗೆ ಮೈದಾ ಅಂಟು ಬಳಿದು ಅದನ್ನು ಅಂಟಿಸಿದವಳೂ ಅವಳೇ. ಈ ನೀರು ನಮ್ಮ ಮಕ್ಕಳಿಗೆ ಬೇಡ ಅಂದ ತಾಯಂದಿರನ್ನು ಆ ಕಾಗದದ ಮುಂದೆ ನಿಲ್ಲಿಸಿ, ಅಂಕಿ ತೋರಿಸಿ, ಬಾಯಿ ಮುಚ್ಚಿಸಿ ಕಳಿಸಿದ್ದಳು.