ಪ್ಯಾಚ್ ಬಿಚ್ಚಿದ ಮೇಲೆ ಉಳಿದ ಗುರುತು

ಸಾಕ್ಷಿದಾರನ ವಯಸ್ಸು 61, ಕಸುಬು ಬ್ಯಾಟರಿ ಮಾರಾಟ ಮತ್ತು ರಿಪೇರಿ, ವಾಸ ಅಂಗಡಿಯ ಮೇಲಿನ ಮಹಡಿ. ಬ್ಯಾಟರಿ ಅಣ್ಣ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಠಾಣೆಗೆ ಕರೆಸಿ ಕೇಳಿದ್ದಕ್ಕೆ ಹೇಳಿ ಬರೆಸುವುದೇನೆಂದರೆ:

ನಾನು ಫ್ರೀಮೇಸನ್ ಲಾಡ್ಜಿನ ಸದಸ್ಯ. ರೂಮು ಬಾಡಿಗೆಗೆ ಸಿಗುವ ಲಾಡ್ಜಲ್ಲ, ಸಂಘ. ಅದರಲ್ಲಿ ಬೈಕಿನ ಹುಚ್ಚಿರುವ ಒಂಬತ್ತು ಜನರ ತಂಡಕ್ಕೆ ಹಲ್ಲಿನ ಡಾಕ್ಟರು ಅಧ್ಯಕ್ಷರು, ನಾನು ಕಾರ್ಯದರ್ಶಿ. ಲಾಡ್ಜಿನ ಚಿಹ್ನೆಯಾದ ಕೈವಾರ ಮತ್ತು ಮೂಲೆಮಟ್ಟದ ಆಕಾರಕ್ಕೇ ಕತ್ತರಿಸಿದ ಪ್ಯಾಚನ್ನು ಜೀನ್ಸ್ ಜಾಕೆಟ್ಟಿನ ಬೆನ್ನಿಗೆ ಹೊಲಿಸಿಕೊಳ್ಳುತ್ತೇವೆ. ಲಾಡ್ಜಿನ ಸದಸ್ಯರಲ್ಲದವರು ಅದನ್ನು ಹಾಕುವಂತಿಲ್ಲ. ಸದಸ್ಯ ತೀರಿಕೊಂಡರೆ ಪ್ಯಾಚ್ ತಂಡಕ್ಕೆ ವಾಪಸ್. ಯಾವ ಕಾರಣಕ್ಕೇ ಆಗಲಿ, ಒಮ್ಮೆ ಬಿಚ್ಚಿದ್ದನ್ನು ಮತ್ತೆ ಹೊಲಿಯಲು ಎಲ್ಲರ ಒಪ್ಪಿಗೆ ಬೇಕು. ಒಬ್ಬ ಬೇಡವೆಂದರೂ ಮುಗಿಯಿತು. ಈ ರೂಲ್‌ಗಳನ್ನು ಬರೆದವನು ನಾನೇ. ಆಗ ಅಂಗಡಿಯಲ್ಲಿ ಕೆಲಸ ಕಡಿಮೆಯಿತ್ತು.

ತಂಡದಲ್ಲಿದ್ದ ಪ್ರಿಂಟಿಂಗ್ ಪ್ರೆಸ್ಸಿನವನು ಹೋದ ವರ್ಷ ತೀರಿಕೊಂಡ. ನಾನೇ ಅವನ ಮನೆಗೆ ಹೋಗಿ, ಅಡುಗೆಮನೆಯ ಮೇಜಿನ ಮೇಲೆ ಜಾಕೆಟ್ ಹರಡಿ, ಬ್ಲೇಡಿನಿಂದ ಒಂದೊಂದೇ ಹೊಲಿಗೆ ಕಿತ್ತು ಪ್ಯಾಚ್ ತಂದೆ. ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ಅವರು ಟಾರ್ಚ್ ಹಿಡಿದು ನಿಂತು, "ಬಟ್ಟೆ ಹರೀದ ಹಾಗೆ ನೋಡ್ಕೊಳ್ಳಿ" ಎಂದರು. ಹನ್ನೊಂದು ವರ್ಷ ಬಿಸಿಲು ತಿಂದ ಜಾಕೆಟ್ ಬಿಳಿಚಿಕೊಂಡಿತ್ತು. ಪ್ಯಾಚ್ ಇದ್ದ ಜಾಗ ಮಾತ್ರ ಹೊಸ ಬಟ್ಟೆಯಂತೆ ಕಡುನೀಲಿ, ಕೈವಾರದ ಕಾಲುಗಳ ಸಮೇತ.

ಇಂದು ಭಾನುವಾರ ಬೆಳಿಗ್ಗೆ 6.40ಕ್ಕೆ ತಂಡದ ಸವಾರಿಗೆಂದು ಪೆಟ್ರೋಲ್ ಬಂಕಿನಲ್ಲಿ ಸೇರಿದ್ದೆವು. ಅತ್ತಿಗೆ ಗಂಡನ ಬೈಕಿನಲ್ಲಿ, ಅದೇ ಜಾಕೆಟ್ ಹಾಕಿಕೊಂಡು ಬಂದರು. ಅತಿಥಿಗಳು ಸಾಲಿನ ಕೊನೆಯಲ್ಲಿ ಬರಬಹುದೆಂದು ರೂಲ್ ಇದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ದೂರದಿಂದ ಪ್ಯಾಚ್ ಇದ್ದ ಹಾಗೇ ಕಾಣುತ್ತದೆ, ಇದು ನಡೆಯುವುದಿಲ್ಲ ಎಂದರು. "ಅದು ಬಿಸಿಲಿನ ಕೆಲಸ ಡಾಕ್ಟ್ರೇ, ಬಿಸಿಲಿಗೆ ನೋಟಿಸ್ ಕೊಡೋಣ್ವಾ?" ಎಂದೆ. ಅವರು ನಗಲಿಲ್ಲ.

ಅತ್ತಿಗೆ ಜಾಕೆಟ್ಟನ್ನು ಸೀಟಿನ ಮೇಲೆ ಹಾಕಿ ಮುಖ ತೊಳೆಯಲು ಹೋದರು. ಡಾಕ್ಟರು ತಮ್ಮ ಬೈಕಿನ ಪೆಟ್ಟಿಗೆಯಿಂದ ಕಪ್ಪು ಸ್ಪ್ರೇ ಪೇಂಟ್ ತೆಗೆದು ಆ ಗುರುತಿನ ಮೇಲೆ ಹೊಡೆದರು. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಬೇಡ ಎಂದೆ, ಅವರ ಕೈ ಹಿಡಿದು ತಡೆಯಲಿಲ್ಲ. ಅತ್ತಿಗೆ ವಾಪಸ್ ಬರುವಷ್ಟರಲ್ಲಿ ಅರ್ಧ ಗುರುತು ಮುಚ್ಚಿಹೋಗಿತ್ತು. "ಅವ್ರದ್ದು ಅಂತ ಉಳಿದಿದ್ದು ಇದೊಂದೇ ಕಣ್ರೀ, ಇದಕ್ಕೂ ರೂಲಾ?" ಎಂದು ಕೇಳಿದರು. ಡಾಕ್ಟರು ರೂಲ್ ಎಂದರೆ ರೂಲ್ ಎಂದು ಮತ್ತೆ ಡಬ್ಬಿ ಎತ್ತಿದರು. ಅತ್ತಿಗೆ ಹೆಲ್ಮೆಟ್ ಬೀಸಿದರು. ಒಂದೇ ಏಟು. ಡಾಕ್ಟರ ಮುಂದಿನ ಹಲ್ಲೊಂದು ಬಿತ್ತು. ಬಿದ್ದ ಹಲ್ಲನ್ನು ಹಾಲಿನಲ್ಲಿ ಹಾಕಿಡಬೇಕೆಂದು ಅವರೇ ತೊದಲುತ್ತ ನಮಗೆ ಹೇಳಿಕೊಟ್ಟರು.

ತಂಡದ ಸ್ವತ್ತು ಧರಿಸಿದ್ದರು, ಕಾರಣವಿಲ್ಲದೆ ಹೊಡೆದರು ಎಂದು ಡಾಕ್ಟರು ದೂರು ಕೊಟ್ಟಿದ್ದಾರೆ. ನಾನೂ ಹಾಗೇ ಹೇಳಬೇಕೆಂದು ಮಧ್ಯಾಹ್ನ ಫೋನ್ ಮಾಡಿಸಿದ್ದರು. ಹೊಡೆದದ್ದು ನಿಜ. ಕಾರಣವಿಲ್ಲದೆ ಎಂಬುದು ಸುಳ್ಳು. ತಂಡದ ಸ್ವತ್ತೆಂದರೆ ಆ ಪ್ಯಾಚ್, ಅದು ನನ್ನ ಅಂಗಡಿಯ ಬೀರುವಿನಲ್ಲಿದೆ, ಬಂದು ನೋಡಬಹುದು.

ಪ್ಯಾಚ್ ಬಿಚ್ಚಿದರೂ ಅಷ್ಟು ಸ್ಪಷ್ಟವಾಗಿ ಗುರುತು ಉಳಿಯುತ್ತದೆಯೇ ಎಂದು ಸಬ್ ಇನ್ಸ್‌ಪೆಕ್ಟರ್ ಸಾಹೇಬರು ನಂಬದೆ ಕೇಳಿದರು. ನಾನು ಹಾಕಿಕೊಂಡಿದ್ದ ಜಾಕೆಟ್ಟಿನ ಪ್ಯಾಚನ್ನು ಅವರ ಮೇಜಿನ ಮೇಲೆಯೇ ಬಿಚ್ಚಿ ತೋರಿಸಿದೆ. ಉಳಿಯುತ್ತದೆ. ಮತ್ತೆ ಹೊಲಿಯಲು ಡಾಕ್ಟರೂ ಒಪ್ಪಬೇಕೆಂಬುದು ನನಗೆ ಗೊತ್ತಿದೆ.

ಇಷ್ಟನ್ನೂ ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದೆ, ನಡೆದದ್ದೂ ಹೀಗೆಯೇ. ನನ್ನ ಪ್ಯಾಚನ್ನು ಠಾಣೆಗೆ ಒಪ್ಪಿಸಿದ್ದೇನೆ. ಗುರುತು ಉಳಿದ ಜಾಕೆಟ್ ಹಾಕಿಕೊಂಡು ಹೋಗುತ್ತಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಅದೇ ಭಾನುವಾರ, ಸಂಜೆ 5.10
(ಸಹಿ)