ಒಂಬತ್ತು ಸಂಜೆ ಅಳಿಸಿದ ಹಾಳೆ

2004ರ ನವೆಂಬರ್ 18, ಗುರುವಾರ. ನನ್ನ ಡೈರಿಯಲ್ಲಿ ಆ ದಿನದ ಕೊನೆಯ ಸಾಲು ಹೀಗಿದೆ: "ರಾತ್ರಿ 10.35. ಚಿಕ್ಕಮ್ಮನ ಮಗಳು ಬಾಗಿಲು ಬಡಿದಳು. ಒಂದೇ ಕಾಲಲ್ಲಿ ಚಪ್ಪಲಿ." ಬಿ.ಎ. ಮುಗಿಸಿದ ವರ್ಷದಿಂದ ಒಂದು ದಿನವೂ ತಪ್ಪದೆ ಬರೆದ ಡೈರಿ ಇದು. ಕಟ್ಟುಕತೆ ಅನ್ನುವವರು ಮೊದಲು ಬಂದು ಆ ಪುಟ ನೋಡಲಿ, ಆಮೇಲೆ ಮಾತಾಡಲಿ.

ಅವಳು ಕಚೇರಿ ಬಿಟ್ಟಾಗ ಹತ್ತು ದಾಟಿತ್ತು. ಮನೆಗೆ ಹತ್ತಿರದ ದಾರಿ ಹಿಂದಿನ ಓಣಿ. ಓಣಿಯ ತಿರುವಿನಲ್ಲಿ ಯಾರೂ ನೀರು ಸೇದದ ಒಂದು ಬಾವಿ, ಮೇಲೆ ಕಬ್ಬಿಣದ ಜಾಲರಿ. ದಿನಾ ದಾಟುವ ಬಾವಿ... ಆವತ್ತು ಒಳಗಿಂದ ಸದ್ದು ಬಂತು.

ಟಿಕ್. ಟಿಕ್ ಟಿಕ್. ಟಿಕ್... ಠಣ್.

ನೀರು ತೊಟ್ಟಿಕ್ಕುವ ಸದ್ದಲ್ಲ. ತೊಟ್ಟಿಕ್ಕುವ ನೀರಿಗೆ ಒಂದೇ ಲಯ. ಇದು ನಿಂತು, ಯೋಚಿಸಿ, ಮುಂದುವರಿಯುತ್ತಿತ್ತು. ನಾಲ್ಕೈದು ಮೆತ್ತನೆಯ ಬಡಿತ, ಆಮೇಲೆ ಲೋಹ ತಾಗಿದ ಹಾಗೆ ಒಂದು ಠಣ್. ಒಂದು ಪದ... ಠಣ್. ಇನ್ನೊಂದು ಪದ... ಠಣ್. ಗುರುತು ಹತ್ತಲು ಅವಳಿಗೆ ಮೂರು ಪದ ಸಾಕಾಯಿತು. ಹಾಗೆ ಟೈಪು ಮಾಡುತ್ತಿದ್ದವಳು ಅವಳಿಗೆ ಗೊತ್ತಿದ್ದಂತೆ ಒಬ್ಬಳೇ. ಆಕೆ ಸತ್ತು ಒಂಬತ್ತು ದಿನವಾಗಿತ್ತು.

ಸತ್ತವಳು ಅವಳ ಅತ್ತಿಗೆ, ಅಣ್ಣನ ಹೆಂಡತಿ. ಔಷಧಿ ಡಬ್ಬಿಯೊಳಗೆ ಮಡಚಿ ಇಡುವ ಚೀಟಿ ಇರುತ್ತದಲ್ಲ, ಎಷ್ಟು ತಗೊಳ್ಳಬೇಕು, ಯಾವಾಗ ತಗೊಳ್ಳಬಾರದು ಅಂತ, ಅವನ್ನು ಬರೆದು ಅಚ್ಚಿಗೆ ಕಳಿಸುವ ಕಚೇರಿಯಲ್ಲಿ ಅವರ ಕೆಲಸ. ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರ್. ಸಂಜೆ ನಾದಿನಿ, ಅಂದರೆ ನಮ್ಮವಳು, ಬರೆಯಬೇಕು, ಬೆಳಿಗ್ಗೆ ಅತ್ತಿಗೆ ಓದಿ ತಪ್ಪು ತೋರಿಸಬೇಕು. ತಿದ್ದುವವಳು ಮಾತ್ರ ಬರೆದವಳೇ. ಓದುವವಳು ಚೀಟಿಗೆ ಕೈ ಹಾಕುವ ಹಾಗಿಲ್ಲ, ಅದು ಅಲ್ಲಿನ ಕಟ್ಟಳೆ. ಅತ್ತಿಗೆಯ ಬಲಗೈ ಹೆಬ್ಬೆರಳು ಯಾವತ್ತೋ ಬಾಗಿಲಿಗೆ ಸಿಕ್ಕಿ ಸೀಳಿತ್ತು. ಅದಕ್ಕೆ ದರ್ಜಿಗಳು ಬೆರಳಿಗೆ ಹಾಕಿಕೊಳ್ಳುವ ಲೋಹದ ಟೋಪಿ ತೊಡುತ್ತಿದ್ದಳು. ಪದ ಮುಗಿದು ಜಾಗ ಬಿಡುವಾಗಲೆಲ್ಲ ಅದು ಠಣ್ ಅನ್ನುತ್ತಿತ್ತು.

ಇಬ್ಬರ ನಡುವೆ ಮಾತು ನಿಂತು ಎರಡು ವರ್ಷ. ಕಾರಣವೂ ಒಂದು ಚೀಟಿಯೇ. ಅಲ್ಲಿ ಯಾರೂ ಹೊಸ ಚೀಟಿಯನ್ನು ಖಾಲಿ ಹಾಳೆಯಲ್ಲಿ ಬರೆಯುತ್ತಿರಲಿಲ್ಲ. ಹಳೆಯದೊಂದನ್ನು ತೆಗೆದು, ಹೆಸರು ಬದಲಿಸಿ, ಸಾಲು ಸಾಲಾಗಿ ತಿದ್ದುತ್ತ ಹೋಗುವುದು ರೂಢಿ. ಹಾಗೆ ಒಮ್ಮೆ ಇವಳು ಕೆಮ್ಮಿನ ಔಷಧಿಯ ಚೀಟಿಯ ಮೇಲೆ ಮುಲಾಮಿನ ಚೀಟಿ ಬರೆದಳು. ಕೊನೆಯ ಸಾಲು ಹಾಗೇ ಉಳಿಯಿತು: ಊಟದ ನಂತರ ಎರಡು ಚಮಚ. ಅತ್ತಿಗೆ ಅದನ್ನು ಗುಟ್ಟಾಗಿ ಹೇಳಲಿಲ್ಲ. ಯಜಮಾನರ ಮುಂದೆ, ಇಡೀ ಕಚೇರಿಗೆ ಕೇಳುವ ಹಾಗೆ ಓದಿದಳು. ಆವತ್ತಿನಿಂದ ಇವಳ ಹೆಸರೇ ಎರಡು ಚಮಚ ಆಯಿತು. ಗೇಟಿನ ಕಾವಲುಗಾರ ಕೂಡ ಹಾಗೇ ಕರೆದ. ಇನ್ನೊಂದು ತಪ್ಪು ಸಿಕ್ಕಿದರೆ ಮನೆಗೆ ಹೋಗಬಹುದು ಅಂತ ಯಜಮಾನರು ಹೇಳಿಟ್ಟಿದ್ದರು.

ನವೆಂಬರ್ 9ರ ಮಧ್ಯಾಹ್ನ ಅತ್ತಿಗೆ ಟೈಪು ಮಾಡುತ್ತಿದ್ದ ಹಾಗೇ ಕೀಲಿಗಳ ಮೇಲೆ ತಲೆಯಿಟ್ಟಳು. ಮತ್ತೆ ಎತ್ತಲಿಲ್ಲ. ಹೆಣ ಎತ್ತಿದ ಮೇಲೆ ಕಾವಲುಗಾರ ಗೋಡೆಯ ಸ್ವಿಚ್ಚು ಆರಿಸಿದ.

ಮರುದಿನ ಸಂಜೆ ನಾದಿನಿ ಬಂದು ಕಂಪ್ಯೂಟರ್ ಹಾಕಿದಳು. ಪರದೆಯ ನಟ್ಟನಡುವೆ ಒಂದು ಬೂದು ಚೌಕ. ಉಳಿಸದ ಬರಹವೊಂದು ಸಿಕ್ಕಿದೆ... ಬೇಕೇ? ಅಳಿಸಲೇ?

ಅಷ್ಟೇ. ಯಾರು ಬರೆದದ್ದು, ಯಾವ ಹೊತ್ತಿನದು, ಎಷ್ಟು ಸಾಲು, ಒಂದೂ ಇಲ್ಲ. ಇಣುಕಿ ನೋಡಿ ಆಮೇಲೆ ಹೇಳುತ್ತೇನೆ ಅನ್ನಲು ಜಾಗವಿಲ್ಲ. ಉತ್ತರ ಕೊಡುವ ತನಕ ಬೇರೆ ಕೆಲಸಕ್ಕೆ ಬಿಡುವುದೂ ಇಲ್ಲ. ಕರೆಂಟು ಹೋದಾಗಲೆಲ್ಲ ಬರುವ ಚೌಕ ಅದು. ಅಲ್ಲಿಯವರು ಮುಖಕ್ಕೆ ಬಂದ ನೊಣ ಓಡಿಸುವ ಹಾಗೆ ಅಳಿಸಿ ಮುಂದೆ ಹೋಗುತ್ತಿದ್ದರು. ಇವಳು ಮಾತ್ರ ಆವತ್ತು ಒಂದು ಕ್ಷಣ ತಡೆದಳು. ಒಳಗಿರುವುದು ತನ್ನ ಮೇಲಿನ ದೂರು ಅಂತ ಅವಳಿಗೆ ಖಾತ್ರಿಯಿತ್ತು. ಅದು ಯಜಮಾನರ ಕಣ್ಣಿಗೆ ಬಿದ್ದರೆ ಕೆಲಸ ಹೋಯಿತು. ಸತ್ತ ಮೇಲೂ ಬಿಡಲ್ವಲ್ಲ ಮಾರಾಯ್ತಿ ಅಂದುಕೊಂಡು ಅಳಿಸಿದಳು.

ಅಳಿಸಿದ್ದು ಮರುದಿನ ಮತ್ತೆ ಬಂತು.

ಅಳಿಸಿದಳು. ಮತ್ತೆ ಬಂತು. ಭಾನುವಾರವೊಂದು ಬಿಟ್ಟು ಪ್ರತಿ ಸಂಜೆ. ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದಳು. ಅವನು ಹಿಂದೆ ಮುಂದೆ ಬಿಚ್ಚಿ ನೋಡಿ, ಈ ಚೌಕ ಮಾಡಿದವನಿಗೇ ಮೊದಲು ಎರಡು ಬಿಡಬೇಕು ಅಂತ ಬೈದ.

"ಯಾರದು, ಯಾವಾಗಿನದು, ಏನಿದೆ, ತೋರಿಸಿ ಆಮೇಲೆ ಕೇಳ್ಬೇಕು. ಕತ್ತು ಹಿಡಿದು ಬೇಕಾ ಬೇಡ್ವಾ ಅಂದ್ರೆ ಯಾರಾದ್ರೂ ಬೇಡ ಅಂತಲೇ ಅಂತಾರೆ."

"ಅಳಿಸಿದ್ದು ಯಾಕೆ ಮತ್ತೆ ಬರುತ್ತೆ?"

"ಅಳಿಸಿದ್ದು ಬರಲ್ಲಮ್ಮ. ಬರ್ತಿದೆ ಅಂದ್ರೆ... ಯಾರೋ ಮತ್ತೆ ಬರೀತಿದಾರೆ."

ಕಚೇರಿಗೆ ಬೀಗ ಹಾಕಿ ಕೊನೆಗೆ ಹೊರಡುವವಳು ಇವಳು. ಬೆಳಿಗ್ಗೆಯ ಕುರ್ಚಿಗೆ ಇನ್ನೂ ಯಾರನ್ನೂ ಹಾಕಿರಲಿಲ್ಲ.

18ರ ಸಂಜೆ ಅವಳು ಅಳಿಸು ಅಂತ ಒತ್ತಿದಾಗ, ಯಾರೂ ಮುಟ್ಟದೆ, ಜಾಗ ಬಿಡುವ ಉದ್ದನೆಯ ಕೀಲಿ ತಾನಾಗಿ ಕೆಳಗಿಳಿಯಿತು. ಠಣ್. ಮೆಲ್ಲಗೆ ಮೇಲೆದ್ದಿತು. ಹತ್ತರ ತನಕ ಹಲ್ಲು ಕಚ್ಚಿ ಕೆಲಸ ಮಾಡಿ ಎದ್ದು ಬಂದಳು. ಬಾವಿಯ ಹತ್ತಿರ ಮೊದಲ ಸಲ ಓಡಿದಳು.

ಇಷ್ಟನ್ನೂ ಅವಳು ನಮ್ಮ ಅಡುಗೆಮನೆಯಲ್ಲಿ ಕೂತು, ಪಿಸುಮಾತಿನಲ್ಲಿ, ಲೋಟ ಕಚ್ಚಿಕೊಂಡು ಹೇಳಿದಳು. ನಮ್ಮ ಮನೆಯವರು ಮೊಣಕಾಲು ಹಿಡಿದುಕೊಂಡು ಕುಂಟುತ್ತ ಬಂದು ಬಾಗಿಲಿಗೆ ಒರಗಿ ನಿಂತಿದ್ದರು. ಆಗ ಅವರಿಗೆ ಕೀಲುನೋವು ಜೋರಾಗಿತ್ತು.

"ತೆಗೆದು ನೋಡಮ್ಮ," ಅಂದರು ಅವರು. "ಓದಿ ಆಮೇಲೆ ಬೇಕಾದ್ರೆ ಹರಿದು ಹಾಕು. ಒಂಬತ್ತು ದಿನ ಬಾಗಿಲು ತಟ್ಟೋರು ಏನೋ ಹೇಳೋಕಿದ್ದೇ ತಟ್ತಾರೆ."

ಅವಳು ನನ್ನ ಮುಖ ನೋಡಿದಳು. "ಅಕ್ಕ... ತೆಗೀಲಾ?"

ನನಗೂ ಆ ಅತ್ತಿಗೆಯನ್ನು ಕಂಡರೆ ಆಗುತ್ತಿರಲಿಲ್ಲ. ಡಿಗ್ರಿ ಇಲ್ಲದವಳು ನಮ್ಮವಳ ತಪ್ಪು ಎತ್ತಿ ತೋರಿಸುತ್ತಾಳೆ ಅಂತ ನನಗೂ ಉರಿಯಿತ್ತು. ನಾನಂದದ್ದು ಡೈರಿಯಲ್ಲಿ ಹಾಗೇ ಇದೆ: "ಓದಿದವಳು ನೀನು. ದೆವ್ವ ಅಂತೀಯಾ? ಅಳಿಸು. ಅವಳಿಗೆ ಇಷ್ಟು ಬೆಲೆ ಕೊಡಬೇಡ."

ಮರುದಿನ, ಶುಕ್ರವಾರ, ಅವಳು ಒಂಬತ್ತನೆಯ ಸಲ ಅಳಿಸಿದಳು. ಅದೇ ಸಂಜೆ, ಅತ್ತಿಗೆ ಕೊನೆಯದಾಗಿ ಓದುತ್ತಿದ್ದ ಚೀಟಿಯನ್ನು ಅಚ್ಚಿಗೆ ಕಳಿಸಿದಳು. ಆಮೇಲೆ ಚೌಕ ಬರಲಿಲ್ಲ. ಬಾವಿಯೂ ಸುಮ್ಮನಾಯಿತು. ನೋಡು, ನಾನು ಹೇಳಿರಲಿಲ್ಲವಾ ಅಂತ ನಾನು ಎರಡು ಸಲ ಅಂದೆ.

ಡಿಸೆಂಬರ್ 13, ಸೋಮವಾರ. ಆಸ್ಪತ್ರೆಯಿಂದ ಆ ಕಚೇರಿಗೆ ಫೋನು ಹೋಯಿತು. ಯಜಮಾನರು ಚೀಟಿಯ ಮೂಲ ಕೇಳಿದರು. ಅವಳು ಕಂಪ್ಯೂಟರ್ ಹಾಕಿದಳು... ಬೂದು ಚೌಕ ಅಲ್ಲಿತ್ತು. ಈ ಸಲ ಅವಳು ಬೇಕು ಅಂತ ಒತ್ತಿದಳು.

ದೂರು ಅಲ್ಲ. ಚೀಟಿಯ ನೆತ್ತಿಯ ಮೇಲೆ ಅತ್ತಿಗೆ ಬರೆದ ನಾಲ್ಕು ಸಾಲು:

"ಜ್ವರದ ಮಾತ್ರೆಯ ಹಳೇ ಸಾಲು ಇದರಲ್ಲಿ ಉಳಿದಿದೆ. ಈ ಕೀಲುನೋವಿನ ಮಾತ್ರೆ ವಾರಕ್ಕೊಂದು, ದಿನಕ್ಕೊಂದಲ್ಲ. ಹೆಚ್ಚಾದರೆ ಜೀವಕ್ಕೆ ಕುತ್ತು. ಆ ಸಲ ನಾನು ಎಲ್ಲರ ಮುಂದೆ ಓದಿದ್ದು ತಪ್ಪಾಯಿತು. ಈ ಸಲ ಯಾರಿಗೂ ಹೇಳಲ್ಲ, ನೀನೇ ತಿದ್ದು."

ಇದೇ ನಾಲ್ಕು ಸಾಲು ಒಂದರ ಕೆಳಗೊಂದು ಒಂಬತ್ತು ಸಲ. ಪ್ರತಿಯೊಂದರ ಪಕ್ಕ ದಿನ, ಹೊತ್ತು. ಮೊದಲನೆಯದು ನವೆಂಬರ್ 9, ಮಧ್ಯಾಹ್ನ 1.20. ಉಳಿದ ಎಂಟೂ ಬೇರೆ ಬೇರೆ ದಿನದ ರಾತ್ರಿ 10.20. ಅವಳು ಬೀಗ ಹಾಕಿ ಬಾವಿ ದಾಟುವ ಹೊತ್ತು ಅದು. ಎಲ್ಲಕ್ಕಿಂತ ಕೆಳಗೆ ಬರೀ ಒಂದು ದಿನಾಂಕ, ಮುಂದೆ ಏನೂ ಬರೆದಿಲ್ಲ: ಡಿಸೆಂಬರ್ 16, ಬೆಳಗಿನ ಜಾವ 4.10.

ಅವಳು ಆ ಹಾಳೆಯನ್ನು ಮುದ್ರಿಸಿ ಆಸ್ಪತ್ರೆಗೆ ತಂದು ನನ್ನ ಕೈಗೆ ಕೊಟ್ಟದ್ದು 13ರ ಸಂಜೆ ಏಳಕ್ಕೆ. ಅದನ್ನು ಮಡಚಿ ಆ ದಿನದ ಪುಟದಲ್ಲೇ ಇಟ್ಟಿದ್ದೇನೆ. ಯಾರು ಬೇಕಾದರೂ ಬಂದು ನೋಡಬಹುದು.

ಇನ್ನು ಇದಕ್ಕೆ ತೆತ್ತದ್ದು. ಅಚ್ಚಾದ ಚೀಟಿಗಳನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿ ಸುಟ್ಟರು. ತಂಗಿಯ ಕೆಲಸ ಹೋಯಿತು. ಅವಳು ನಮ್ಮ ಮನೆಯ ಮೆಟ್ಟಿಲು ಹತ್ತದೆ ಇಪ್ಪತ್ತು ವರ್ಷ ಕಳೆಯಿತು. ನಾನೂ ಕರೆದಿಲ್ಲ.

ನಮ್ಮ ಮನೆಯವರು ಡಿಸೆಂಬರ್ 16ರಂದು ತೀರಿಕೊಂಡರು. ಬೆಳಗಿನ ಜಾವ 4.10. ಮಾತ್ರೆ ಶುರು ಮಾಡುವಾಗ ಅವರು, ಡಾಕ್ಟರು ವಾರಕ್ಕೊಂದು ಅಂದ ಹಾಗಿತ್ತು ಕಣೇ ಅಂದಿದ್ದರು. ನಾನು ಕನ್ನಡಕ ಹಾಕಿಕೊಂಡು ಚೀಟಿ ಬಿಡಿಸಿ ಅವರಿಗೆ ಓದಿ ಹೇಳಿದೆ. ಡಿಸೆಂಬರ್ 1ರಿಂದ 11ರ ತನಕ ನನ್ನ ಡೈರಿಯ ಪ್ರತಿ ಪುಟದ ಅಂಚಿನಲ್ಲಿ ಒಂದೇ ಸಾಲಿದೆ. "ಬೆಳಿಗ್ಗೆ 8. ಮಾತ್ರೆ ಕೊಟ್ಟೆ." ಒಂದು ದಿನವೂ ತಪ್ಪಿಲ್ಲ.