ಅವರೆ ಬೇರೆ, ಅವರು ಬೇರೆ

ವೇದಿಕೆಯ ಮೇಲಿರುವ ದೊಡ್ಡವರಿಗೆ, ನಮ್ಮ ಹೆಂಚಿನ ಕಾರ್ಖಾನೆಯ ಗೆಳೆಯರಿಗೆ, ಟೇಕಲ್ಲಿನಿಂದ ಬೆಳಗಿನ ರೈಲು ಹಿಡಿದು ಮಾಲೂರಿನ ಈ ಕಾರ್ಖಾನೆ ಅಂಗಳಕ್ಕೆ ಬಂದಿರುವ ಸೊಣ್ಣಪ್ಪನ ಮನೆಯವರಿಗೆ — ಅವನ ಹೆಂಡತಿ, ನನ್ನ ತಂಗಿಯಂಥ ಮುನಿಯಲ್ಲಮ್ಮನಿಗೆ — ಈ ಚನ್ನರಾಯಪ್ಪನ ನಮಸ್ಕಾರ. ನಾನು ಭಟ್ಟಿ ಮೇಸ್ತ್ರಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಮಾತು ಒರಟಾದರೆ ಸಹಿಸಿಕೊಳ್ಳಿ. ಸಹಿಸದಿದ್ದರೂ ಹೇಳುತ್ತೇನೆ.

ಈಗಷ್ಟೇ ಪ್ರಾಚೀನ ಜ್ಞಾನ ಮಂಡಲಿಯ ಅಧ್ಯಕ್ಷರಾದ ಪ್ರಹ್ಲಾದರಾಯರು ಮಾತಾಡಿ ಕೂತರು. ಸತ್ತ ಸೊಣ್ಣಪ್ಪನ ಹೆಸರು ಒಂದೋ ಎರಡೋ ಸಲ ಬಂತು. ಮಿಕ್ಕಿದ್ದೆಲ್ಲ ಪೈಥಾಗೊರಸ್, ಪೈಥಾಗೊರಸ್. ಗ್ರೀಸಿನ ಗುರುವಂತೆ. ಈಜಿಪ್ಟಿಗೆ ಹೋಗಿ ಅಲ್ಲಿನ ಪೂಜಾರಿಗಳ ಕಾಲ ಬುಡದಲ್ಲಿ ಕೂತು ಗುಪ್ತವಿದ್ಯೆ ಕಲಿತನಂತೆ. ಆತ್ಮ ಸಾಯುವುದಿಲ್ಲ, ಒಂದು ಮೈ ಬಿಟ್ಟು ಇನ್ನೊಂದು ಮೈ ಸೇರುತ್ತದೆ — ಇದಂತೆ ಆ ಗುಪ್ತವಿದ್ಯೆ! ಅಯ್ಯಾ, ಇದನ್ನು ನಮ್ಮಜ್ಜಿ ರಾಗಿ ಬೀಸುತ್ತಾ ಹೇಳುತ್ತಿದ್ದಳು. ಅದಕ್ಕಾಗಿ ಅವಳು ಹಡಗು ಹತ್ತಲಿಲ್ಲ. ಮಂಡಲಿಯನ್ನೂ ಕಟ್ಟಲಿಲ್ಲ.

ಸೊಣ್ಣಪ್ಪ ಕೆಟ್ಟ ಮನುಷ್ಯನಲ್ಲ. ಪೆದ್ದ. ಸತ್ತವರನ್ನು ಹೀಗೆ ಅನ್ನಬಾರದು ಎಂದು ಆ ಮೂಲೆಯಲ್ಲಿ ಯಾರೋ ಗೊಣಗುತ್ತಿದ್ದೀರಿ — ಬದುಕಿದ್ದಾಗ ಅವನ ಮುಖಕ್ಕೇ ಅಂದಿದ್ದೇನೆ, ಈಗೇನು? ಅವನು ಹದ ಮಾಡಿದ ಮಣ್ಣಿನ ಹೆಂಚು ನನ್ನ ಭಟ್ಟಿಯಲ್ಲಿ ಬಿರುಕು ಬಿಟ್ಟಿದ್ದು ಕಡಿಮೆ. ಅಂಥವನು ಭಾನುವಾರ ಭಾನುವಾರ ಮಂಡಲಿಗೆ ಹೋಗಿ ಒಂದು ರಟ್ಟಿನ ಪಿರಮಿಡ್ಡು ತಂದ. ಅದರ ಕೆಳಗೆ ಹಳೇ ಬ್ಲೇಡು ಇಟ್ಟರೆ ತಾನಾಗಿ ಹರಿತವಾಗುತ್ತದಂತೆ. ಈಜಿಪ್ಟಿನ ಶಕ್ತಿ! ಯುಗಾದಿಯಿಂದ ದೀಪಾವಳಿಯವರೆಗೆ ಒಂದೇ ಬ್ಲೇಡಿನಲ್ಲಿ ಗಡ್ಡ ಹೆರೆದುಕೊಂಡ. ಆ ಕೆನ್ನೆಯನ್ನು ನೀವೂ ನೋಡಿದ್ದೀರಿ. ನಕ್ಕಿದ್ದೀರಿ. ನಾನೂ ನಕ್ಕೆ.

ಅವನು ಅವರೆಕಾಯಿ ತಿನ್ನುವುದನ್ನೇ ಬಿಟ್ಟಾಗ ಮಾತ್ರ ನಗು ಬರಲಿಲ್ಲ.

ಆ ಗ್ರೀಸಿನ ಗುರು ಅವರೆ ತಿನ್ನಬಾರದು ಅಂದನಂತೆ. ತಿಂದರೆ ಹೆತ್ತವರ ತಲೆ ತಿಂದ ಹಾಗಂತೆ. ಈಜಿಪ್ಟಿನ ಪೂಜಾರಿಗಳು ಅದನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲವಂತೆ. ಕೊನೆಗೆ ವೈರಿಗಳು ಅಟ್ಟಿಸಿಕೊಂಡು ಬಂದಾಗ ಎದುರಿಗೆ ಅವರೆ ಹೊಲ ಸಿಕ್ಕಿತು, ತುಳಿಯಲಾರೆ ಎಂದು ಬದುವಿನ ಮೇಲೇ ನಿಂತು ಕೊಲ್ಲಿಸಿಕೊಂಡನಂತೆ. ನಮ್ಮ ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ್ದರೆ ಆ ಮಹಾನುಭಾವ ಬೆಳಗ್ಗೆ ತಂಬಿಗೆ ಹಿಡಿದು ಎಲ್ಲಿಗೆ ಹೋಗುತ್ತಿದ್ದ, ಕೇಳಿ!

ಮಧ್ಯಾಹ್ನ ನಾವಿಬ್ಬರೂ ಭಟ್ಟಿಯ ನೆರಳಲ್ಲಿ ಒಟ್ಟಿಗೆ ಕೂತು ಉಣ್ಣುತ್ತಿದ್ದವರು. ಒಂದು ದಿನ ನನ್ನ ಅವರೆ ಸಾರು ನೋಡಿ, ತನ್ನ ಬುತ್ತಿ ಎತ್ತಿಕೊಂಡು ಎದ್ದೇಬಿಟ್ಟ.

"ಅಣ್ಣಾ, ನೀನು ಯಾರನ್ನ ತಿಂತಾ ಇದೀಯ ಅಂತ ಗೊತ್ತಾ?" ಅಂದ.

"ನಿಮ್ಮತ್ತಿಗೆ ಹಿತುಕಿ ಕೊಟ್ಟಿದ್ದು ಕಣ್ಲಾ. ಯಾರನ್ನ ಹಿತುಕಿದ್ಲೋ ಅವಳ್ನೇ ಹೋಗಿ ಕೇಳು" ಅಂದೆ.

ನಗಲಿಲ್ಲ. ಅಲ್ಲಿಂದಾಚೆಗೆ ಅವನು — ಅಗೋ, ಆ ಬೇವಿನ ಮರದ ಕೆಳಗೆ. ನಾನು ಇಲ್ಲಿ. ನನ್ನ ಸಾರಿನ ಗಾಳಿ ಅತ್ತ ಬೀಸಿದರೆ ಟವೆಲ್ಲಿನಿಂದ ಮೂಗು ಮುಚ್ಚಿಕೊಳ್ಳುತ್ತಿದ್ದ.

ಇದಕ್ಕೆ ರಾಯರು ಕೊಟ್ಟ ಪುರಾವೆ ಕೇಳಬೇಕು ನೀವು. ಗ್ರೀಸಿನ ಗುಟ್ಟು ನಮ್ಮ ಕನ್ನಡದಲ್ಲೇ ಅಡಗಿದೆಯಂತೆ — ಅವರೆ ಎಂದರೆ 'ಅವರೇ', ಅಂದರೆ ಕಾಲವಾದ ನಮ್ಮ ಹಿರಿಯರೇ! ಹಾಗಾದರೆ ರಾಯರೇ, ಕಡಲೆ ಎಂದರೆ ಕಡಲೇ ತಾನೇ? ನಿನ್ನೆ ಬಸ್‌ಸ್ಟ್ಯಾಂಡಿನಲ್ಲಿ ನೀವು ಒಂದು ಪೊಟ್ಟಣ ಸಮುದ್ರ ಮೆಲ್ಲುತ್ತಾ ನಿಂತಿದ್ದಿರಿ. ನಾನು ನೋಡಿದೆ.

ನಗಬೇಡಿ. ಇದು ಶ್ರದ್ಧಾಂಜಲಿ ಸಭೆ. ನಗುವ ಮಾತಾಗಿ ಇದು ಉಳಿದೂ ಇಲ್ಲ.

ಮೊನ್ನೆ ಟೇಕಲ್ಲಿಗೆ ಹೋಗಿದ್ದೆ. ಸೊಣ್ಣಪ್ಪನ ಹೊಲದಲ್ಲಿ ರಾಗಿ ಕೊಯ್ದಾಗಿದೆ, ನಡುನಡುವೆ ಸಾಲು ಹಾಕಿದ ಅವರೆ ಹಾಗೇ ನಿಂತಿದೆ. ಬಿತ್ತಿದ್ದು ಮುನಿಯಲ್ಲಮ್ಮ. ತಿನ್ನದಿದ್ದರೂ ಮಾರಬೇಕಲ್ಲ, ಮನೆ ನಡೆಯಬೇಕಲ್ಲ — ಅಷ್ಟರಮಟ್ಟಿಗೆ ಅವನೂ ಕಣ್ಣು ಮುಚ್ಚಿಕೊಂಡಿದ್ದ. ಈ ಚಳಿಗೆ ಕಾಯಿ ತುಂಬಿಕೊಂಡಿದೆ, ಮುಟ್ಟಿದರೆ ಸೊಗಡು ಕೈಗೆ ಅಂಟುತ್ತದೆ. ಯಾಕಮ್ಮಾ ಕಿತ್ತಿಲ್ಲ ಎಂದೆ. ಗಂಡನ ಹೆಸರು ಹೇಳದ ಹೆಣ್ಣು ಅವಳು, ಬಾಳೆಲ್ಲಾ 'ಅವರು' ಎಂದೇ ಅಂದವಳು. ಹೊಲದ ಕಡೆ ಕೈ ಮಾಡಿದಳು.

"ರಾಯರು ಮನೆಗೆ ಬಂದು ಹೇಳಿ ಹೋದ್ರು ಅಣ್ಣಾ. ಅದು ಅವರೇ ಅಂತೆ. ಹೆಂಗೆ ಕೀಳ್ಲಿ? ನೋವಾದ್ರೆ?"

ಮುಟ್ಟಿದ್ದ ಕಾಯಿಯಿಂದ ಕೈ ಹಿಂದಕ್ಕೆ ತೆಗೆದೆ. ನಾನು!

ಎರಡೂವರೆ ಸಾವಿರ ವರ್ಷವಾದರೂ ಆ ಜ್ಞಾನದ ಪ್ರಭಾವ ಅಳಿದಿಲ್ಲ ಎಂದಿರಿ, ರಾಯರೇ. ನಿಜ. ಅಳಿದಿಲ್ಲ. ಟೇಕಲ್ ಬೆಟ್ಟದ ಕೆಳಗೆ, ಕೀಳುವ ಕೈಯಿಲ್ಲದೆ ನಿಂತಿದೆ, ಹೋಗಿ ನೋಡಿ. ಹೀಗೇ ಬಿಟ್ಟರೆ ಒಣಗಿ, ಸಿಡಿದು, ಮಣ್ಣಿಗೆ ಬೀಳುತ್ತದೆ. ಆ ಹೆಣ್ಣುಮಗಳು ಬದುವಿನ ಮೇಲೆ ಕೂತು ಅದನ್ನೂ ನೋಡಬೇಕು — ಗಂಡ ಇನ್ನೊಂದು ಸಲ ಸಾಯುವುದನ್ನು. ಇದನ್ನು ಸಮಾಧಾನ ಹೇಳುವುದು ಅಂತೀರಾ? ಶಾಲು ಹೊದ್ದವರು ಮಾಡುವ ಕೆಲಸವಾ ಇದು?

ತಂಗೀ, ರಾಯರ ಕಡೆ ನೋಡಬೇಡ, ಇಲ್ಲಿ ನೋಡು. ಅವರೆ ಬೇರೆ, ಅವರು ಬೇರೆ. ನಿನ್ನ ಗಂಡನನ್ನು ಈ ಹೆಗಲ ಮೇಲೆ ಹೊತ್ತಿದ್ದೇನೆ, ಈ ಕೈಯಲ್ಲಿ ಮಣ್ಣು ಹಾಕಿದ್ದೇನೆ. ಅವನಿಗೆ ನೋವಾಗುವ ಕಾಲ ಮುಗಿಯಿತು ಕಣಮ್ಮಾ. ನಾಳೆ ಭಟ್ಟಿಗೆ ರಜ. ಬೆಳಗಿನ ರೈಲಿಗೆ ನಾವೆಲ್ಲ ನಿನ್ನ ಹೊಲಕ್ಕೆ ಬರುತ್ತೇವೆ. ನೀನು ಹೂಂ ಅನ್ನದೆ ಒಂದು ಕಾಯಿಯನ್ನೂ ಮುಟ್ಟುವುದಿಲ್ಲ. ಕೀಳೋಣವಾ?

ಏನಮ್ಮಾ? — ಬಾಯಿಗೆ ಅಡ್ಡ ಹಿಡಿದ ಸೆರಗು ತೆಗೆದು ಹೇಳು, ಇವರಿಗೂ ಕೇಳಿಸಲಿ —

ಕೇಳಿದಿರಾ? "ಸೊಗಡು ಹೋಗೋದ್ರೊಳಗೆ ಕಿತ್ತುಬಿಡಿ ಅಣ್ಣಾ" ಎಂದಳು. ನನಗೆ ಅಷ್ಟು ಸಾಕು.

ಈಗ ಎಲ್ಲರೂ ಏಳಿ. ಕೆಮ್ಮುವವರು ಕೆಮ್ಮಿ ಮುಗಿಸಿ. ಸೊಣ್ಣಪ್ಪ ಯಾವ ಕಾಯೊಳಗಿದ್ದಾನೆ, ಯಾವ ನಕ್ಷತ್ರ ಸೇರಿದ್ದಾನೆ ಎಂದು ಯಾರೂ ಹುಡುಕಬೇಡಿ. ಅವನು ಇಲ್ಲ. ಇಲ್ಲ ಎಂದೇ ನಾವು ನಿಲ್ಲುತ್ತಿರುವುದು. ಒಂದು ನಿಮಿಷ, ಮಾತಿಲ್ಲದೆ — ರಾಯರೇ, ನೀವೂ.